ಇಂಗ್ಲಿಷಿಗೆ ‘ರೀ’ ಹಚ್ಚೋದು ಎಲ್ಲಿ?

ಬಳ್ಳಾರಿ ಹತ್ತಿರದ ನಮ್ಮ ಹಲಕುಂದಿ ಕಡೆ ಬೈಯಬೇಕಾದರೂ ಮರ್ಯಾದೆ ಕೊಟ್ಟೇ ಬೈಯುತ್ತಾರೆ. ‘ನಿಮಗೇನು ತಲಿ ಐತೇನ್ರಿ?’ ಅಂತ. ತಲೆ ಇಲ್ಲ ಅನ್ನೋ ತೀರ್ಮಾನ ಆಗಲೇ ಆಗಿಹೋಗಿರುತ್ತೆ, ಆದರೂ ಕೊನೆಗೊಂದು ‘ರೀ’ ಇದ್ದೇ ಇರುತ್ತೆ. ಬರ್ರಿ, ಕುಂದ್ರಿ, ಚಾ ಕುಡೀರಿ, ಹೋಗಿ ಬರ್ರಿ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನಿಗೆ, ಬಡ್ಡಿ ವಸೂಲಿಗೆ ಬಂದವನಿಗೆ, ಹೆಣ್ಣು ನೋಡಿ ಒಗ್ಗರಣೆ-ಮಿರ್ಚಿ ತಿಂದು ‘ಆಮೇಲೆ ಹೇಳ್ತೀವಿ’ ಅಂತ ಹೋದ ಗಂಡಿನ ಕಡೆಯವರಿಗೆ, ಎಲ್ಲರಿಗೂ ಅದೇ ‘ರೀ’. ಕ್ರಿಯಾಪದದ ಬಾಲಕ್ಕೆ ಅದನ್ನು ಹಚ್ಚಿಬಿಟ್ಟರೆ ಮರ್ಯಾದೆಯ ಬಾಕಿ ಚುಕ್ತಾ. ಮುಂದಿನ ಮಾತು ಎಷ್ಟು ಖಾರವಾಗಿದ್ದರೂ ನಡೆಯುತ್ತೆ.

ಇಂಥ ಊರಿನ ಹುಡುಗ ಇಂಗ್ಲಿಷಿನಲ್ಲಿ ಈಮೇಲ್ ಬರೆಯೋಕೆ ಕೂತಾಗ ಮೊದಲು ತಡಕಾಡೋದು ಈ ‘ರೀ’ಗಾಗಿ. ಅರ್ಧ ಲೋಕ ಆಳಿದ ಭಾಷೆ, ಅದರ ಹತ್ತಿರ ಒಂದು ‘ರೀ’ ಇಲ್ಲ! ‘ಕಮ್’ ಅಂದರೆ ಬಾ ಕೂಡ ಹೌದು, ಬರ್ರಿ ಕೂಡ ಹೌದು. ನಾಯಿಗೂ ‘ಯೂ’, ನಾಯಿ ಸಾಕಿದ ಸಾಹೇಬರಿಗೂ ‘ಯೂ’. ಪಾಪ, ಹುಡುಗ ‘ಸೆಂಡ್ ದ ಬಿಲ್’ ಅಂತ ಬರೀತಾನೆ. ಬರೆದದ್ದನ್ನು ಒಮ್ಮೆ ಓದಿಕೊಂಡರೆ ಎದೆ ಝಲ್ ಅನ್ನುತ್ತೆ. ಹೆಡ್ಡಾಫೀಸಿನ ಸಾಹೇಬರಿಗೆ ‘ಬಿಲ್ ಕಳಿಸಲೇ’ ಅಂದಂಗಾಯ್ತಲ್ಲ! ಮುಂದೊಂದು ಪ್ಲೀಸ್ ಹಾಕ್ತಾನೆ. ಸಾಲದು ಅನ್ನಿಸುತ್ತೆ. ಕೈಂಡ್ಲಿ ಸೇರಿಸ್ತಾನೆ. ಹಿಂದೊಂದು ಸರ್, ಮುಂದೊಂದು ಸರ್. ಕೊನೆಗೆ ಹೊರಡೋದು ಹೀಗೆ: ‘ರೆಸ್ಪೆಕ್ಟೆಡ್ ಸರ್, ಐ ಆಮ್ ಹಂಬ್ಲಿ ರಿಕ್ವೆಸ್ಟಿಂಗ್ ಯುವರ್ ಗುಡ್‌ಸೆಲ್ಫ್ ಟು ಪ್ಲೀಸ್ ಕೈಂಡ್ಲಿ ಸೆಂಡ್ ದ ಬಿಲ್ ಸರ್ ಅಂಡ್ ಡೂ ದ ನೀಡ್‌ಫುಲ್ ಸರ್.’ ಓದುವವರು ಅಷ್ಟೂ ಮರ್ಯಾದೆಯನ್ನು ಪಕ್ಕಕ್ಕೆ ಸರಿಸಿ ಬಿಲ್ಲು ಎಲ್ಲಿದೆ ಅಂತ ಹುಡುಕಬೇಕು.

ನಮ್ಮ ಇಂಗ್ಲಿಷ್ ಕೆಟ್ಟಿರೋದು ಕಾಲ, ವಚನ, ಪ್ರಿಪೊಸಿಷನ್ ಬರದೆ ಇರೋದರಿಂದ ಅಂತ ಮೇಷ್ಟ್ರುಗಳು ಹೇಳ್ತಾರೆ. ನಾನು ಒಪ್ಪೋದಿಲ್ಲ. ಅರ್ಧಕ್ಕರ್ಧ ತಪ್ಪು ಆಗೋದು ‘ರೀ’ ಹಚ್ಚೋಕೆ ಜಾಗ ಸಿಗದೆ. ಸಾಕ್ಷಿ ಬೇಕಾ? ‘ಅವರ್ ಮ್ಯಾನೇಜರ್ ಆರ್ ಕಮಿಂಗ್ ಟುಮಾರೋ’ ಅಂತ ಬರೆದ ಹುಡುಗನಿಗೆ ಒಬ್ಬರಿಗೆ ‘ಈಸ್’, ಇಬ್ಬರಿಗೆ ‘ಆರ್’ ಅನ್ನೋದು ಚೆನ್ನಾಗಿ ಗೊತ್ತು. ಎಸ್ಸೆಸ್ಸೆಲ್ಸಿಯಲ್ಲಿ ಅದಕ್ಕೆ ಅಂಕವನ್ನೂ ತಗೊಂಡಿದ್ದಾನೆ. ಆದರೆ ಮ್ಯಾನೇಜರು ಬರ್ತಾ ‘ಇದ್ದಾನೆ’ ಅಂತ ಬರೆಯೋದು ಹ್ಯಾಗೆ? ಬರ್ತಾ ‘ಇದ್ದಾರೆ’. ಹಾಗಾಗಿ ‘ಆರ್’. ಅದು ವ್ಯಾಕರಣದ ತಪ್ಪು ಅನ್ನೋದಕ್ಕಿಂತ ಸಂಸ್ಕಾರದ ಕಾಟ ಅನ್ನಬೇಕು. ಇದೇ ಹುಡುಗ ಕಸ ಗುಡಿಸೋ ಯಂತ್ರದ ಬಗ್ಗೆ ಬರೆಯುವಾಗ ‘ಮಶೀನ್ ಈಸ್ ಕಮಿಂಗ್’ ಅಂತ ಸರಿಯಾಗೇ ಬರೀತಾನೆ, ನೋಡಿ ಬೇಕಾದರೆ.

ಇಂಗ್ಲಿಷಿಗೆ ‘ರೀ’ ಇಲ್ಲವೇ ಇಲ್ಲ ಅಂದೆನಲ್ಲ, ಅದು ಪೂರ್ತಿ ನಿಜ ಅಲ್ಲ. ಇದೆ, ಬಚ್ಚಿಟ್ಟಿದ್ದಾರೆ. ‘ಕುಡ್ ಯೂ ಸೆಂಡ್ ದ ಬಿಲ್ ಬೈ ಫ್ರೈಡೇ?’ ಆ ‘ಕುಡ್’ ಇದೆಯಲ್ಲ, ಅದೇ ಅವರ ‘ರೀ’. ‘ವುಡ್’ ಇನ್ನೊಂದು. ಆಜ್ಞೆಯನ್ನು ಪ್ರಶ್ನೆ ಮಾಡಿ, ವರ್ತಮಾನಕ್ಕೆ ಭೂತದ ವೇಷ ಹಾಕಿದರೆ ಅವರಿಗೆ ಅದು ವಿನಯ. ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದು ‘ಕ್ಯಾನ್’ಗೆ ಭೂತಕಾಲ ‘ಕುಡ್’ ಅಂತ ಮಾತ್ರ. ಆ ಭೂತ ಸಾಹೇಬರ ಮುಂದೆ ಕೈಕಟ್ಟಿ ನಿಲ್ಲುತ್ತೆ ಅಂತ ಯಾರೂ ಹೇಳಲಿಲ್ಲ. ಒಂದು ‘ಕುಡ್ ಯೂ’ ಹಾಕಿ, ಒಂದೇ ಒಂದು ‘ಪ್ಲೀಸ್’ ಹಾಕಿ, ‘ಕೈಂಡ್ಲಿ’ಯನ್ನು ಮನೆಗೆ ಕಳಿಸಿದರೆ ಕಾಗದದ ತೂಕ ಅರ್ಧ ಇಳಿಯುತ್ತೆ. ‘ಡೂ ದ ನೀಡ್‌ಫುಲ್’ ಅನ್ನೋದನ್ನು ನಾವು ಹುಟ್ಟಿಸಿದ್ದಲ್ಲ, ಬ್ರಿಟಿಷರೇ ಹಿಂದೆ ಬಳಸಿ ಬಿಟ್ಟದ್ದು. ಅವರು ಬಿಟ್ಟುಹೋದ ಬಂಗಲೆಗಳ ಥರ ಅದನ್ನೂ ನಾವು ಸುಣ್ಣ ಬಳಿದು ಕಾಪಾಡಿದ್ದೀವಿ. ಇವತ್ತಿನವರಿಗೆ ಅದು ಅರ್ಥ ಆಗುತ್ತೆ, ಆದರೆ ‘ನೀಡ್‌ಫುಲ್’ ಏನು ಅಂತ ಹೇಳದೆ ‘ಮಾಡಿ’ ಅಂದರೆ ಅವರಾದರೂ ಏನು ಮಾಡಬೇಕು?

ಹಾಗಂತ ಇಂಗ್ಲಿಷು ನಮ್ಮ ಸೀಮೆಗೆ ನಿನ್ನೆ ಮೊನ್ನೆ ಬಂದದ್ದು ಅಂದುಕೊಳ್ಳಬೇಡಿ. 1800ರಲ್ಲಿ ನಿಜಾಮರು ಈ ನೆಲವನ್ನು ಕಂಪನಿಗೆ ಬಿಟ್ಟುಕೊಟ್ಟರು, ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ಲನ್ನು ಕನ್ನಡಕ್ಕೆ ತರೋಕೆ ಕೂತ. ಅವನ ಜೊತೆಗೆ ಸೇರಿಕೊಂಡ ವಿಲಿಯಂ ರೀವ್ ಇಂಗ್ಲಿಷ್-ಕನ್ನಡ ನಿಘಂಟು ಮಾಡಿದ, ಅದು 1824ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ. ಎಲ್ಲರೂ ಹೊಗಳೋ ಕಿಟ್ಟೆಲ್ ನಿಘಂಟು ಮಂಗಳೂರಿನಲ್ಲಿ ಹೊರಬಂದದ್ದು 1894ರಲ್ಲಿ. ಅಂದರೆ ಇಂಗ್ಲಿಷ್ ಪದಕ್ಕೆ ಕನ್ನಡದ ಅರ್ಥ ಏನು ಅಂತ ತಲೆ ಕೆರೆದುಕೊಳ್ಳೋ ಕೆಲಸ ಬಳ್ಳಾರಿಯ ಬಿಸಿಲಲ್ಲಿ ಅದಕ್ಕೂ ಎಷ್ಟೋ ಮುಂಚೆ ನಡೆದಿತ್ತು. ಬಳ್ಳಾರಿ ರಾಘವ ವಕೀಲಿ ಮಾಡಿಕೊಂಡೇ ಷೇಕ್ಸ್‌ಪಿಯರನ ಪಾತ್ರಗಳನ್ನು ರಂಗದ ಮೇಲೆ ಆಡಿದವರು. 1953ರ ಅಕ್ಟೋಬರ್ 1ರವರೆಗೆ ನಾವು ಮದರಾಸಿನವರು, ನಮ್ಮ ಹಿರಿಯರ ಸರ್ಕಾರಿ ಇಂಗ್ಲಿಷು ಅಲ್ಲಿಂದ ಬಂದದ್ದು. ಇಷ್ಟಿದ್ದೂ ಹಲಕುಂದಿಯ ಹುಡುಗ ಇವತ್ತು ‘ಮೈಸೆಲ್ಫ್ ಫ್ರಮ್ ಬಳ್ಳಾರಿ’ ಅಂತ ಶುರು ಮಾಡ್ತಾನೆ ಅಂದರೆ ಪಾಪ ರೀವ್ ಸಾಹೇಬ ಏನು ಮಾಡಿಯಾನು!

ಕಾಗದ ಬರೆಯೋದರಲ್ಲಂತೂ ಈ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ವಿಜಯನಗರದ ಅರಸರ ಓಲೆ ಬರೆಯುತ್ತಿದ್ದ ಕರಣಿಕರಿಗೆ ರಾಯಸದವರು ಅಂತಲೇ ಹೆಸರು. ಆ ರಾಯಸ ಮನೆತನದ ಹೆಸರಾಗಿ ಉಳಿದು, ಹರಪನಹಳ್ಳಿಯಲ್ಲಿ 1913ರಲ್ಲಿ ರಾಯಸಂ ಭೀಮಸೇನರಾವ್ ಹುಟ್ಟಿದರು. ನಮ್ಮ ಬೀಚಿ! ತಮ್ಮ ಕಾವ್ಯನಾಮದ ಅರ್ಧವನ್ನು ಕನ್ನಡದಲ್ಲಿ, ಇನ್ನರ್ಧವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಪುಣ್ಯಾತ್ಮ. ಎರಡು ಭಾಷೆ ಬೆರೆಸೋದೇ ಆದರೆ ಹಾಗೆ ಧೈರ್ಯವಾಗಿ ಬೆರೆಸಬೇಕು.

ಈಗ ರಜಾಚೀಟಿಗೆ ಬರೋಣ. ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ ಒಂದೇ ಇಂಗ್ಲಿಷ್ ಸಾಹಿತ್ಯ ಅಂದರೆ ಅದು. ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್...’ ಇದರಲ್ಲಿ ‘ಫೀವರ್’ ಒಂದನ್ನು ತೆಗೆದು ಬೇರೆ ಕಾರಣ ತುರುಕಿದರೆ ಜೀವನಪೂರ್ತಿ ನಡೆಯುತ್ತೆ ಅಂತ ನಮ್ಮ ಜನರ ನಂಬಿಕೆ. ಹಾಗಾಗಿ ತಂಗಿಯ ಮದುವೆಯಿಂದ ಸಫರ್ ಆದವರಿದ್ದಾರೆ, ಮನೆಯ ಗೃಹಪ್ರವೇಶದಿಂದ ಸಫರ್ ಆದವರಿದ್ದಾರೆ. ಸಾಲದ ಲೆಕ್ಕ ನೋಡಿದರೆ ಅದೂ ಒಂಥರಾ ಸತ್ಯವೇ ಬಿಡಿ. ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ, ಬಳ್ಳಾರಿಯ ಕನಕದುರ್ಗಮ್ಮನ ಸಿಡಿಬಂಡಿ ಉತ್ಸವಕ್ಕೆ ರಜಾ ಕೇಳೋದು ಇನ್ನೂ ಕಷ್ಟ. ಸಿಡಿಬಂಡಿಯನ್ನು ಇಂಗ್ಲಿಷಿನಲ್ಲಿ ವಿವರಿಸೋಕೆ ಹೋದವನ ಈಮೇಲ್ ಅಪಘಾತದ ವರದಿಯಂತೆ ಕಂಡು, ಹೆಡ್ಡಾಫೀಸಿನಿಂದ ಆಂಬುಲೆನ್ಸ್ ಬೇಕಾ ಅಂತ ಕೇಳಿದರೂ ಆಶ್ಚರ್ಯ ಇಲ್ಲ. ‘ಊರ ಹಬ್ಬ, ಎರಡು ದಿನ ರಜಾ ಬೇಕು, ಇಂಥ ತಾರೀಖು’ ಅಂದರೆ ಮುಗೀತು. ದೇವಿಯ ಮಹಾತ್ಮೆ ಮ್ಯಾನೇಜರಿಗೆ ಯಾಕೆ?

ಇಲ್ಲೊಂದು ತಮಾಷೆ ಇದೆ. ತಾಲ್ಲೂಕು ಕಚೇರಿ ಮುಂದೆ ಮರದ ಕೆಳಗೆ ಕೂತು ಅರ್ಜಿ ಬರೆದುಕೊಡುವವರನ್ನು ನೋಡಿದ್ದೀರಲ್ಲ? ಇವರಿಂದ, ಇವರಿಗೆ, ಮಾನ್ಯರೇ, ವಿಷಯ, ಉಲ್ಲೇಖ. ಅದಾದ ಮೇಲೇ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’. ಕೊನೆಗೆ ಸ್ಥಳ, ದಿನಾಂಕ, ಸಹಿ, ಲಗತ್ತುಗಳು. ಸಿರುಗುಪ್ಪದ ರೈತ ಕಾಲುವೆಗೆ ನೀರು ಬಂದಿಲ್ಲ ಅಂತ ಕೊಡೋ ಅರ್ಜಿಯಲ್ಲಿ ಸರ್ವೆ ನಂಬರ್ ಸಹಿತ ಎಲ್ಲವೂ ಇರುತ್ತೆ. ಈಮೇಲಿನಲ್ಲಿ ಕೇಳೋದೂ ಅಷ್ಟೇ ತಾನೆ? ಆದರೆ ಆ ರೈತನ ಮಗ, ಎಂಜಿನಿಯರಿಂಗ್ ಮುಗಿಸಿದವನು, ಕೆಲಸಕ್ಕೆ ಈಮೇಲ್ ಕಳಿಸುವಾಗ ವಿಷಯದ ಜಾಗ ಖಾಲಿ. ಒಳಗೆ ‘ಪಿಎಫ್ಎ’ ಅಂತ ಮೂರಕ್ಷರ, ‘ಪ್ಲೀಸ್ ಫೈಂಡ್ ಅಟ್ಯಾಚ್ಡ್’ ಅನ್ನೋದರ ಗಿಡ್ಡ ರೂಪ. ಲಗತ್ತು ಮಾಡಿದ ಕಡತದ ಹೆಸರು ‘ನ್ಯೂ ರೆಸ್ಯೂಮ್ ಫೈನಲ್ ಫೈನಲ್ ಟೂ’. ಎಷ್ಟೋ ಸಲ ಕಡತವೇ ಇರೋದಿಲ್ಲ. ‘ಪ್ಲೀಸ್ ಫೈಂಡ್’ ಅಂದಿದ್ದಾನಲ್ಲ, ಹುಡುಕಿಕೊಳ್ಳಲಿ ಬಿಡಿ! ಅಪ್ಪನ ಅರ್ಜಿಯನ್ನು ಒಮ್ಮೆ ಪಕ್ಕದಲ್ಲಿಟ್ಟುಕೊಂಡು ಬರೆದಿದ್ದರೆ ಸಾಕಿತ್ತು. ಕಡತವನ್ನು ಮೊದಲು ಅಂಟಿಸಿ, ಮಾತು ಆಮೇಲೆ ಬರೆದು, ಕಳಿಸಬೇಕಾದವರ ವಿಳಾಸವನ್ನು ಎಲ್ಲಕ್ಕಿಂತ ಕೊನೆಗೆ ತುಂಬಿದರೆ ಅರ್ಧ ಬರೆದ ಕಾಗದ ಕೈತಪ್ಪಿ ಹೋಗೋದೂ ತಪ್ಪುತ್ತೆ.

ಬರೀ ವ್ಯಾಕರಣ ಸರಿ ಇದ್ದರೆ ಕೆಲಸ ಆಗುತ್ತೆ ಅನ್ನುವವರಿಗೆ ನಾನು ಓಖಿಲ್ ಚಂದ್ರ ಸೇನರ ಕಥೆ ಹೇಳ್ತೀನಿ. 1909ರಲ್ಲಿ ಈ ಬಂಗಾಳಿ ಪ್ರಯಾಣಿಕರು ಸಾಹಿಬ್‌ಗಂಜ್ ರೈಲ್ವೆ ಕಚೇರಿಗೆ ಬರೆದ ದೂರು ಇವತ್ತಿಗೂ ಪ್ರಸಿದ್ಧ. ಹಲಸಿನ ಹಣ್ಣು ತಿಂದು ಹೊಟ್ಟೆ ಉಬ್ಬಿ, ಅಹ್ಮದ್‌ಪುರ ಸ್ಟೇಷನ್ನಿನಲ್ಲಿ ಇಳಿದು ಕೂತಿದ್ದಾಗ ಗಾರ್ಡು ಸೀಟಿ ಊದಿಬಿಟ್ಟ. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಧೋತರ ಹಿಡಿದು ಓಡಿ, ಪ್ಲಾಟ್‌ಫಾರ್ಮಿನ ಮೇಲೆ ಎಲ್ಲರ ಮುಂದೆ ಬಿದ್ದರು. ಗಾರ್ಡಿಗೆ ದೊಡ್ಡ ದಂಡ ಹಾಕಬೇಕು, ಇಲ್ಲದಿದ್ದರೆ ಪತ್ರಿಕೆಗೆ ಬರೀತೀನಿ ಅಂತ ಮುಗಿಸಿದ್ದಾರೆ. ಆ ಕಾಗದದ ಒಂದೊಂದು ವಾಕ್ಯದಲ್ಲೂ ಮೇಷ್ಟ್ರ ಕೆಂಪು ಪೆನ್ನಿಗೆ ಹಬ್ಬ. ಆದರೆ ಯಾರಿಗೆ, ಎಲ್ಲಿ, ಏನಾಯ್ತು, ಏನು ಬೇಕು, ಕೊಡದಿದ್ದರೆ ಏನು ಮಾಡ್ತೀನಿ, ಎಲ್ಲ ಇದೆ. ರೈಲಿನ ಕೆಳದರ್ಜೆ ಡಬ್ಬಿಗಳಿಗೆ ಶೌಚಾಲಯ ಬಂದದ್ದು ಆ ಕಾಗದದಿಂದ ಅಂತ ಹೇಳ್ತಾರೆ. ‘ಕೈಂಡ್ಲಿ ಡೂ ದ ನೀಡ್‌ಫುಲ್’ ಅಂತ ಮಾತ್ರ ಬರೆದಿದ್ದರೆ ನಾವೆಲ್ಲ ಇವತ್ತಿಗೂ ತಂಬಿಗೆ ಹಿಡಿದೇ ಓಡ್ತಿದ್ದೆವೋ ಏನೋ.

ಹಾಗಂತ ಸಣ್ಣ ತಪ್ಪುಗಳನ್ನು ಪೂರ್ತಿ ಮಾಫಿ ಮಾಡೋ ಅಧಿಕಾರ ನನಗಿಲ್ಲ. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಅಂತ ನಾವು ಬರೆಯೋದಕ್ಕೆ ಕಾರಣ ಇದೆ. ಕನ್ನಡದಲ್ಲಿ ‘ಹ್ಯಾವ್’ ಅನ್ನೋ ಕ್ರಿಯಾಪದವೇ ಇಲ್ಲ. ನನಗೆ ಇಬ್ಬರು ಅಣ್ಣಂದಿರು ‘ಇದ್ದಾರೆ’ ಅಷ್ಟೆ, ನಾನು ಅವರನ್ನು ಹಿಡಕೊಂಡು ಕೂತಿಲ್ಲ. ಇಂಗ್ಲಿಷಿನವರು ‘ಐ ಹ್ಯಾವ್’ ಅಂತ ಹಿಡಕೊಳ್ತಾರೆ, ನಾವು ಒಂದು ಹೆಜ್ಜೆ ಮುಂದೆ ಹೋಗಿ ‘ಹ್ಯಾವಿಂಗ್’ ಅಂತ ಹಿಡಕೊಂಡೇ ಇರ್ತೀವಿ. ‘ಹಿಯರ್ ಓನ್ಲಿ’ ಅನ್ನೋದು ‘ಇಲ್ಲೇ’ಯ ಮಗ. ‘ಹಾಟ್ ಹಾಟ್ ಇಡ್ಲಿ’ ಬಿಸಿಬಿಸಿಯ ಮಗಳು, ಅವಳನ್ನು ನಾನು ಬಿಟ್ಟುಕೊಡೋದಿಲ್ಲ. ‘ಡಿಸ್ಕಸ್ ಅಬೌಟ್’ನಲ್ಲಿ ‘ಅಬೌಟ್’ ದಂಡ. ‘ಟುಡೇ ಮಾರ್ನಿಂಗ್’ ಅಲ್ಲ, ‘ದಿಸ್ ಮಾರ್ನಿಂಗ್’. ಕಾಲೇಜಿನಿಂದ ‘ಪಾಸ್ಡ್ ಔಟ್’ ಅಂತ ಬರೆದರೆ ಇಂಗ್ಲೆಂಡಿನವರು ಬಿಸಿಲಿಗೆ ತಲೆ ಸುತ್ತಿ ಬಿದ್ದ ಅಂದುಕೊಳ್ತಾರೆ. ಬಳ್ಳಾರಿ ಅಂದ ಮೇಲೆ ಸಹಜವಾಗೇ ನಂಬ್ತಾರೆ ಕೂಡ. ‘ಯುವರ್ಸ್’ಗೆ ನೆತ್ತಿಯ ಮೇಲೆ ಅಲ್ಪವಿರಾಮ ಹಚ್ಚೋದು ಬೇಡ, ಅಲ್ಲಿ ಅದಕ್ಕೆ ಏನೂ ಕೆಲಸ ಇಲ್ಲ. ‘ಪ್ರೀಪೋನ್’ ಬಗ್ಗೆ ಮಾತ್ರ ನಾಚಿಕೆ ಬೇಡ. ನಾವು ಸಾಕಿ ಬೆಳೆಸಿದ ಆ ಪದ ಆಕ್ಸ್‌ಫರ್ಡ್ ನಿಘಂಟಿಗೇ ಹೋಗಿ ಕೂತಿದೆ.

ನಮ್ಮ ಅಕ್ಷರದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅನ್ನೋ ಭೇದ ಇಲ್ಲ. ಇಂಗ್ಲಿಷಿಗೆ ಹೋದ ಕೂಡಲೇ ಆ ದೊಡ್ಡಕ್ಷರಗಳನ್ನು ಕಂಡು ನಮ್ಮವರಿಗೆ ಖುಷಿ. ಹೋ, ಸಿಕ್ಕಿತು ‘ರೀ’! ಸರ್‌ಗೆ ದೊಡ್ಡಕ್ಷರ, ಮ್ಯಾನೇಜರ್‌ಗೆ ದೊಡ್ಡಕ್ಷರ, ಕಂಪನಿಗೆ, ಬಾಯ್ಲರ್‌ಗೆ, ಲಾರಿಗೆ. ಕೆಲವರು ಪೂರ್ತಿ ಕಾಗದವನ್ನೇ ದೊಡ್ಡಕ್ಷರದಲ್ಲಿ ಬರೆದು ಕೃತಾರ್ಥರಾಗ್ತಾರೆ. ಆ ಕಡೆಯವರಿಗೆ ಅದು ಕಿವಿಯ ಹತ್ತಿರ ಬಂದು ಕೂಗಾಡಿದ ಹಾಗೆ ಕೇಳುತ್ತೆ. ಗೌರವ ಕೊಡೋಕೆ ಹೋಗಿ ಜಗಳ ಮಾಡಿ ಬಂದಂಗಾಯ್ತು.

ನಿಜವಾಗಿ ದುಡ್ಡು ಕಳೆಯೋ ತಪ್ಪುಗಳು ಬೇರೆ ಇವೆ, ಅವು ಯಾವ ವ್ಯಾಕರಣ ಪುಸ್ತಕದಲ್ಲೂ ಇಲ್ಲ. ನಮ್ಮ ಬಳ್ಳಾರಿಯ ಜೀನ್ಸ್ ಹೊಲಿಯುವವರು ದೂರದ ವ್ಯಾಪಾರಿಗಳ ಜೊತೆ ಪತ್ರ ವ್ಯವಹಾರ ಮಾಡುವವರು. 3/4 ಅಂತ ತಾರೀಖು ಬರೆದರೆ ನಮಗೆ ಏಪ್ರಿಲ್ 3, ಅಮೆರಿಕದವನಿಗೆ ಮಾರ್ಚ್ 4. ಪ್ಯಾಂಟು ಇನ್ನೂ ಹೊಲಿದೇ ಇಲ್ಲ, ಅವನು ಬಾಗಿಲು ತೆಗೆದು ಕಾಯ್ತಾ ಇರ್ತಾನೆ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಜಗಳ ಇಲ್ಲ. ‘ಒಂದು ಲಕ್ಷ’ ಅವರಿಗೆ ಗೊತ್ತಿಲ್ಲ, ನಮ್ಮ 1,00,000 ಅವರಿಗೆ 100,000. ಎಲ್ಲಕ್ಕಿಂತ ಅಪಾಯ ಅಂದರೆ ನಮ್ಮ ‘ನೋಡೋಣ ಬಿಡ್ರಿ’. ಅದರ ಅರ್ಥ ‘ಆಗಲ್ಲ’ ಅಂತ ಹಲಕುಂದಿಯ ಮಗುವಿಗೂ ಗೊತ್ತು. ಅದನ್ನು ‘ಲೆಟ್ ಅಸ್ ಸೀ’ ಅಂತ ಬರೆದು ಕಳಿಸಿದರೆ ಅವನು ನಾವು ನಿಜವಾಗಿ ನೋಡ್ತಾ ಇದ್ದೀವಿ ಅಂದುಕೊಂಡು ವಾರಗಟ್ಟಲೆ ಕಾಯ್ತಾನೆ. ‘ಆಗೋದಿಲ್ಲ’ ಅಂತ ಬರೆಯೋಕೆ ನಮ್ಮ ಕೈಗೆ ಯಾಕೋ ಲಕ್ವಾ.

ಹೆಸರಿನದೂ ಒಂದು ಪುರಾಣ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ನಾವು ‘ಬಳ್ಳಾರಿ’ ಆದೆವು. ಅಲ್ಲಿವರೆಗೆ ‘ಬೆಲ್ಲಾರಿ’. ಅಂಗಡಿ ಬೋರ್ಡಿನಲ್ಲಿ ಹೊಸದು, ಬಿಲ್ಲಿನಲ್ಲಿ ಹಳೇದು, ಈಮೇಲ್ ವಿಳಾಸದಲ್ಲಿ ಇನ್ನೊಂದು. ಹಲಕುಂದಿಯ ‘ದಿ’ಗೆ ಒಬ್ಬರು ಎಚ್ ಹಾಕ್ತಾರೆ, ಇನ್ನೊಬ್ಬರು ನಡುವಿನ ‘ಎ’ ನುಂಗ್ತಾರೆ. ಮಾರ್ಕ್ಸ್ ಕಾರ್ಡಿನಲ್ಲಿ, ಆಧಾರಿನಲ್ಲಿ ಹೇಗಿದೆಯೋ ಹಾಗೇ ಎಲ್ಲ ಕಡೆ ಬರೆಯೋದು ಕ್ಷೇಮ. ಶುದ್ಧ ಕಾಗುಣಿತದ ಹೋರಾಟ ಆಮೇಲೆ ಮಾಡಬಹುದು.

1971ರಲ್ಲಿ ರೇ ಟಾಮ್ಲಿನ್‌ಸನ್ ಒಂದು ಕಂಪ್ಯೂಟರಿನಿಂದ ಪಕ್ಕದ ಕಂಪ್ಯೂಟರಿಗೆ ಸಂದೇಶ ಕಳಿಸಿ ‘@’ ಅನ್ನೋ ಸುರುಳಿ ಚಿಹ್ನೆಯನ್ನು ವಿಳಾಸದ ಮಧ್ಯೆ ಕೂರಿಸಿದಾಗ ಮುಂದೊಂದು ದಿನ ‘ರಿಪ್ಲೈ ಆಲ್’ ಅನ್ನೋ ಗುಂಡಿಯಿಂದ ಮನೆಮನೆಗೆ ಬೆಂಕಿ ಬೀಳುತ್ತೆ ಅಂದುಕೊಂಡಿರಲಿಲ್ಲ. ‘ಸಿಸಿ’ ಅಂದರೆ ಕಾರ್ಬನ್ ಕಾಪಿ. ಟೈಪ್‌ರೈಟಿಂಗ್ ಜೂನಿಯರ್, ಸೀನಿಯರ್ ಕಟ್ಟಿದವರಿಗೆ ಆ ನೀಲಿ ಹಾಳೆ ಬೆರಳಿಗೆ ಅಂಟಿದ್ದು ನೆನಪಿರುತ್ತೆ. ಆಗ ಪ್ರತಿ ಹೆಚ್ಚಾದಂತೆಲ್ಲ ಅಕ್ಷರ ಮಸುಕಾಗ್ತಿತ್ತು, ಹಾಗಾಗಿ ಚಾಡಿಗೂ ಒಂದು ಮಿತಿ ಇತ್ತು. ಈಗ ಕ್ಯಾಂಟೀನಿನ ಸಾಂಬಾರ್ ತೆಳ್ಳಗಿದೆ ಅನ್ನೋ ದೂರಿಗೂ ಮುಂಬೈ ಡೈರೆಕ್ಟರು ಸಿಸಿಯಲ್ಲಿ ಕೂತಿರ್ತಾರೆ. ‘ಜೆಂಟಲ್ ರಿಮೈಂಡರ್’ ಅಂತ ಒಂದು ಹೊಸ ವಿಧ ಬಂದಿದೆ, ಹಲ್ಲು ಕಡಿದುಕೊಂಡು ನಗೋದು ಅದರ ಲಕ್ಷಣ.

ಇತ್ತೀಚೆಗೆ ಕಥೆಯೇ ಬದಲಾಗಿದೆ. ಹುಡುಗರು ಫೋನಿನ ಕೃತಕ ಬುದ್ಧಿಗೆ ಹೇಳಿ ಬರೆಸ್ತಾರೆ. ವ್ಯಾಕರಣದಲ್ಲಿ ಒಂದು ಕೂದಲು ಆಚೀಚೆ ಇಲ್ಲ. ‘ಐ ಹೋಪ್ ದಿಸ್ ಈಮೇಲ್ ಫೈಂಡ್ಸ್ ಯೂ ವೆಲ್’ ಅಂತ ಶುರು. ನಮ್ಮಜ್ಜಂದಿರ ‘ಉಭಯ ಕುಶಲೋಪರಿ ಸಾಂಪ್ರತ’ ಕೋಟು ಹಾಕಿಕೊಂಡು ಬಂದ ಹಾಗೆ. ನಮ್ಮೂರ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ ಮಾಡೋ ಎದುರುಮನೆ ಹುಡುಗ ಸಿಡಿಬಂಡಿಗೆ ಎರಡು ದಿನ ರಜಾ ಕೇಳಿದ ಕಾಗದವನ್ನು ತೋರಿಸಿದ. ರಾಯಭಾರಿ ಯುದ್ಧ ನಿಲ್ಲಿಸೋಕೆ ಬರೆದಂತಿತ್ತು. ಸಾಂಸ್ಕೃತಿಕ ಪರಂಪರೆ, ಸಮುದಾಯದ ಬಾಂಧವ್ಯ, ಕಾರ್ಯಕ್ಷಮತೆಗೆ ಅಡ್ಡಿಯಾಗದಂತೆ ಜವಾಬ್ದಾರಿಗಳ ಹಸ್ತಾಂತರ. ಕೆಳಗೆ ಸಹಿಯ ಜಾಗದಲ್ಲಿ ಚೌಕಾಕಾರದ ಕಂಸದೊಳಗೆ ‘ಯುವರ್ ನೇಮ್ ಹಿಯರ್’ ಅಂತ ಹಾಗೇ ಇತ್ತು.

‘ಇದನ್ನ ಕಳಿಸಿಬಿಟ್ಟೇನಲೇ?’ ಅಂದೆ.

‘ಹೌದು ಮಾವ. ಚಂದ ಐತಲ್ಲ?’

‘ರಜಾ ಯಾವ ತಾರೀಖು ಅಂತ ಎಲ್ಲೈತಿ?’

ಹುಡುಕಿದ. ಇರಲಿಲ್ಲ. ಪರಂಪರೆ ಇತ್ತು, ತಾರೀಖು ಇರಲಿಲ್ಲ. ಮತ್ತೆ ಕೂತು ಇನ್ನೊಂದು ಬರೆದೆವು. ಎರಡು ಸಾಲು. ಹೆಸರು, ಎರಡು ತಾರೀಖು, ಅವನ ಪಾಳಿ ಯಾರು ನೋಡಿಕೊಳ್ತಾರೆ ಅನ್ನೋದು, ಫೋನ್ ನಂಬರು. ಒಂದು ‘ಕುಡ್ ಐ’, ಒಂದು ‘ಪ್ಲೀಸ್’. ಕಳಿಸುವಾಗ ಅವನ ಕೈ ನಡುಗ್ತಾ ಇತ್ತು. ‘ಮಾವ, ಒಂದೇ ಒಂದು ಸರ್ ಹಾಕ್ಲಾ?’ ಅಂತ ಕೇಳಿಕೊಂಡ. ಹಾಕು ಅಂದೆ, ಮೊದಲ ಸಾಲಿನಲ್ಲಿ ‘ಡಿಯರ್ ಸರ್’ ಇದೆಯಲ್ಲ, ಅದೇ ಇರಲಿ. ಅವನು ಕೊನೆಯಲ್ಲಿ ಇನ್ನೊಂದು ಹಾಕಿದ್ದನ್ನು ನಾನು ನೋಡಿಯೂ ನೋಡದಂಗೆ ಇದ್ದೆ.

ಸಂಜೆ ಚಾದಂಗಡಿ ಹತ್ತಿರ ಉತ್ತರ ಬಂತು. ಒಂದೇ ಪದ. ‘ನೋಟೆಡ್.’

ಬೆಂಚಿನ ಮೇಲಿದ್ದವರೆಲ್ಲ ಫೋನಿಗೆ ಬಗ್ಗಿದರು. ಒಬ್ಬರು ಕೊಟ್ಟಂಗೇ ಅಂದರು. ಇನ್ನೊಬ್ಬರು, ಬರಕೊಂಡೀನಿ ಅಂದಾನ ಅಷ್ಟ, ಕೊಟ್ಟೀನಿ ಅಂದಿಲ್ಲ ಅಂದರು. ನಿವೃತ್ತ ಮೇಷ್ಟ್ರೊಬ್ಬರು ಇದು ಪಾಸ್ಟ್ ಪಾರ್ಟಿಸಿಪಲ್, ಕರ್ತೃ ಇಲ್ಲ, ಹಾಗಾಗಿ ಯಾರು ನೋಟ್ ಮಾಡಿದರು ಅಂತಲೇ ಹೇಳೋಕೆ ಬರೋದಿಲ್ಲ ಅಂತ ತೀರ್ಪು ಕೊಟ್ಟರು. ಎರಡನೇ ಚಾ ಬಂತು, ತೀರ್ಮಾನ ಆಗಲಿಲ್ಲ.

‘ಫೋನ್ ಮಾಡಿ ಕೇಳಿಬಿಡೋ ಅತ್ಲಾಗ’ ಅಂದೆ.

‘ಫೋನ್ ಮಾಡಿದ್ರ ಇಂಗ್ಲಿಷಿನಾಗ ಮಾತಾಡ್ಬೇಕಲ್ಲ ಮಾವ’ ಅಂದ.